ಬಾಸೆಲಿನ ಮನೆಯಲ್ಲಿ ಮಂಗಳೂರಿನ ವಿದ್ಯಾರ್ಥಿ

ಐವತ್ತು ವರ್ಷಕ್ಕೂ ಹಿಂದೆ ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಓದಲು ಹೋದಾಗ ನಾನಿದ್ದದ್ದು ಪಾದ್ರಿಗಳು ನಡೆಸುತ್ತಿದ್ದ ಒಂದು ವಿದ್ಯಾರ್ಥಿನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆದರೆ ದೀಪ ಆರಿಸಬೇಕು. ಇದಕ್ಕೆಲ್ಲ ಬೇಗನೆ ಒಗ್ಗಿಹೋದೆ. ಒಗ್ಗದೆ ಉಳಿದದ್ದು ಒಂದೇ. ನಮ್ಮ ಸಾಲು ಕೊಠಡಿಗಳಿಗೆ ನಾನು ಮಾನಿಟರು. ಯಾರು ಅಪ್ಪಣೆಯಿಲ್ಲದೆ ಹೊರಗೆ ಹೋದರೆಂಬುದನ್ನು ಒಂದು ನೋಟುಬುಕ್ಕಿನಲ್ಲಿ ಬರೆದಿಡಬೇಕು. ನಮ್ಮ ತಾಲ್ಲೂಕಿನವನೇ ಆದ ಗೆಳೆಯನೊಬ್ಬ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಎತ್ತು ಹೊಡೆದುಕೊಂಡು ಬಂದಿದ್ದ ತನ್ನ ತಂದೆಯನ್ನು ನೋಡಲೆಂದು ಹೇಳದೆ ಕೇಳದೆ ಹೋಗಿ ಬಂದ. ನಾನು ಬರೆದೆ. ವಾರದೊಳಗೆ ಅವನ ಟ್ರಂಕು ಜಗಲಿಗೆ ಬಂತು. ಹೋಗುವಾಗ ಅವನು ಬೈಯಲಿಲ್ಲ. "ನೀನಾದರೂ ಚೆನ್ನಾಗಿ ಓದಪ್ಪ" ಎಂದ. ಬೈದಿದ್ದರೆ ಚೆನ್ನಾಗಿತ್ತು.

ಆ ನೋಟುಬುಕ್ಕು ನಮ್ಮ ವಾರ್ಡನ್ನರ ತಲೆಯಲ್ಲೇ ಹುಟ್ಟಿದ್ದೆಂದು ಬಹುಕಾಲ ನಂಬಿದ್ದೆ. ಮುಂದೆ, ನಮ್ಮ ಕನ್ನಡ ನಿಘಂಟಿನ ಕಿಟ್ಟೆಲರು ಓದಿದ್ದು ಎಲ್ಲಿ, ಹೇಗೆ ಎಂಬ ಕುತೂಹಲದಿಂದ ಹಳೆಯ ಸಂಗತಿಗಳನ್ನು ಕೆದಕುತ್ತ ಹೋದಾಗ, ಅಂಥದೇ ಏರ್ಪಾಡು ಅದಕ್ಕೂ ನೂರು ವರ್ಷ ಮೊದಲೇ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಇದ್ದದ್ದು ತಿಳಿಯಿತು.

ಬಾಸೆಲ್ ಮಿಷನ್ ಹುಟ್ಟಿದ್ದು 1815ರಲ್ಲಿ. ಮರುವರ್ಷವೇ ಅದರ ವಿದ್ಯಾಶಾಲೆ ಆರಂಭವಾಯಿತು. ಅಲ್ಲಿಗೆ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ, ಕೈಕಸಬಿನವರ ಮಕ್ಕಳು. ಸೇರಲು ಬಯಸುವವನು ಮೊದಲು ತನ್ನ ಜೀವನವೃತ್ತಾಂತವನ್ನು ತಾನೇ ಬರೆದು ಕಳುಹಿಸಬೇಕು. ಸೇರಿದ ಮೇಲೆ ಪಾಠ, ಪ್ರಾರ್ಥನೆ, ಮೈಮುರಿಯುವ ಕೆಲಸ. ಮದುವೆಯ ಮಾತು ಕೂಡದು. ಓದು ಮುಗಿಸಿ ಪರದೇಶಕ್ಕೆ ಹೋದವನೂ ಎರಡು ವರ್ಷ ಕಳೆದ ಮೇಲೆ, ಅದೂ ಕಮಿಟಿಯ ಒಪ್ಪಿಗೆ ಪಡೆದು, ಮದುವೆಯಾಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬನ ತಪ್ಪನ್ನು ಇನ್ನೊಬ್ಬನು ಮೇಲಿನವರಿಗೆ ತಿಳಿಸಬೇಕು. ಇದು ಚಾಡಿಯಲ್ಲ, ಸಹೋದರಪ್ರೇಮ ಎಂದು ಅವರ ಎಣಿಕೆ. ಇದನ್ನು ಓದಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಇದಕ್ಕೆ ಕಾರಣವಿಲ್ಲದೆ ಇರಲಿಲ್ಲ. ಒಂದು ಕಾಗದ ಹೋಗಿ ಉತ್ತರ ಬರಲು ತಿಂಗಳುಗಳೇ ಹಿಡಿಯುತ್ತಿದ್ದ ಕಾಲ. ಧಾರವಾಡದಲ್ಲೋ ಆಫ್ರಿಕದ ಕರಾವಳಿಯಲ್ಲೋ ಒಬ್ಬಂಟಿಯಾಗಿರುವವನು ಕಣ್ಣಿಗೆ ಕಾಣದ ಕಮಿಟಿಗೆ ವಿಧೇಯನಾಗಿರಬೇಕಾದರೆ, ಅವನ ಸ್ವಂತ ಇಚ್ಛೆಯನ್ನು ಮೊದಲೇ ಮುರಿದಿರಬೇಕು ತಾನೆ? ಕಾರಣ ಅರ್ಥವಾಗುತ್ತದೆ, ಒಪ್ಪುವುದು ಬೇರೆ ಮಾತು.

ಈ ಮನೆಯೊಳಕ್ಕೆ 1846ರಲ್ಲಿ ನಮ್ಮವನೊಬ್ಬ ಕಾಲಿಟ್ಟ. ಮಂಗಳೂರಿನ ಸಾರಸ್ವತ ಬ್ರಾಹ್ಮಣರ ಮನೆಯ ಹುಡುಗ, ಆನಂದರಾವ್ ಕೌಂಡಿನ್ಯ. ಹುಟ್ಟಿದ್ದು 1825ರಲ್ಲಿ. ಅವನನ್ನು ಕರೆದುಕೊಂಡು ಹೋದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದವರೆಂದು ಓದುಗರು ಬಲ್ಲರು. 1836ರಲ್ಲಿ ನಮ್ಮ ನಾಡಿಗೆ ಬಂದ ಇವರು ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಕಲೆಕ್ಟರ್ ಬ್ಲೇರ್ 1840ರಲ್ಲಿ ಕೊಟ್ಟ ಬಲ್ಮಠದ ಜಾಗದಲ್ಲಿ ಹುಡುಗರ ಶಾಲೆ ನಡೆಸಿದರು. ಅಲ್ಲಿಯೂ ಶಿಸ್ತಿಗೆ ಕೊರತೆಯಿರಲಿಲ್ಲ. ಆದರೆ ಶಿಸ್ತನ್ನು ಹೇರಿದವರು ಬೇರೆ ಬಂಗಲೆಯಲ್ಲಿ ಇರಲಿಲ್ಲ. ಹುಡುಗರ ನಡುವೆಯೇ ವಾಸ, ಅವರ ಊಟವೇ ಇವರಿಗೂ ಊಟ. ಗಂಟೆ ಹೊಡೆದಾಗ ಹೊಡೆಸಿದವರೂ ಏಳುತ್ತಿದ್ದರೆಂದರೆ ಆ ಗಂಟೆಯ ದನಿಯೇ ಬೇರೆ.

1844ರ ಜನವರಿಯಲ್ಲಿ ಆನಂದರಾಯನೂ ಅವನ ಜೊತೆಗಾರರಿಬ್ಬರೂ ಕ್ರೈಸ್ತರಾದರು. ಮಂಗಳೂರಿನಲ್ಲಿ ದೊಡ್ಡ ಗದ್ದಲವೆದ್ದಿತು. ಹುಡುಗನಿಗೆ ಬಾಲ್ಯದಲ್ಲೇ ಮದುವೆಯಾಗಿತ್ತು. ಆ ಹೆಣ್ಣುಮಗಳು ಅವನ ಬಳಿಗೆ ಬರಲಿಲ್ಲ. ತಂದೆತಾಯಿಯರ ಮನೆ ಮುಚ್ಚಿತು, ಹೆಂಡತಿಯ ಮನೆಯೂ ಮುಚ್ಚಿತು. ತೆರೆದದ್ದು ಬಾಸೆಲಿನ ಮನೆ. ಗುರುವಿನ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ಹರ್ಮನ್ ಆನಂದರಾವ್ ಕೌಂಡಿನ್ಯನಾಗಿ, ಅವನು ಅಲ್ಲಿ 1851ರವರೆಗೆ ಓದಿದ.

ಮಂಗಳೂರಿನ ಮಳೆಯಲ್ಲಿ ಬೆಳೆದವನು ರೈನ್ ನದಿಯ ದಡದ ಚಳಿಯಲ್ಲಿ ಐದು ವರ್ಷ ಕಳೆದದ್ದನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಬೇರೆಯವರಿಗೆ ಕಮಿಟಿಯ ನಿಯಮ ಮದುವೆಯನ್ನು ಮುಂದಕ್ಕೆ ಹಾಕಿತ್ತು. ಇವನಿಗೆ ಹೆಂಡತಿ ಇದ್ದೂ ಇರಲಿಲ್ಲ. ಅವನು ಅಲ್ಲಿ ಇದ್ದಾಗಲೇ, 1850ರಲ್ಲಿ, ಹದಿನೆಂಟು ವರ್ಷದ ಇನ್ನೊಬ್ಬ ವಿದ್ಯಾರ್ಥಿ ಬಂದ: ಪಾದ್ರಿಯ ಮಗ ಫರ್ಡಿನೆಂಡ್ ಕಿಟ್ಟೆಲ್. ಆ ವರ್ಷವೇ ಆಡಳಿತ ಯೋಸೆಫ್ ಯೋಸೆನ್‌ಹಾನ್ಸ್ ಎಂಬ ಇನ್‌ಸ್ಪೆಕ್ಟರರ ಕೈಗೆ ಬಂದು ಹಗ್ಗ ಇನ್ನಷ್ಟು ಬಿಗಿಯಾಯಿತು. 1853ರಲ್ಲಿ ನಮ್ಮ ನಾಡಿಗೆ ಬಂದ ಕಿಟ್ಟೆಲರಿಗೂ ಮೇಲಿನವರಿಗೂ ಮೊದಮೊದಲು ಹೊಂದಲಿಲ್ಲ. ಇಚ್ಛೆಯನ್ನು ಮುರಿಯುವ ಶಾಲೆಯಲ್ಲಿ ಎಲ್ಲರೂ ಮುರಿಯುವುದಿಲ್ಲ.

ಸಂಬಂಧಪಟ್ಟ ಇನ್ನೊಂದು ಮಾತು. ಮೋಗ್ಲಿಂಗರ ಗೆಳೆಯ, ಮಲೆಯಾಳ ನಿಘಂಟಿನ ಗುಂಡರ್ಟರ ಮೊಮ್ಮಗನೇ ಕಾದಂಬರಿಕಾರ ಹರ್ಮನ್ ಹೆಸ್ಸೆ. ಅವನು ಹುಡುಗನಾಗಿದ್ದಾಗ, 1892ರಲ್ಲಿ, ಜರ್ಮನಿಯ ಮೌಲ್‌ಬ್ರಾನ್ ಸೆಮಿನರಿಯಿಂದ ಓಡಿಹೋಗಿದ್ದ. ಓಡಲು ಅವನಿಗೆ ಒಂದು ಮನೆಯಿತ್ತು. ಕೌಂಡಿನ್ಯ ಓಡಿದ್ದರೆ ಎಲ್ಲಿಗೆ ಹೋಗಬೇಕಿತ್ತು?

ಅವರು ಓಡಲಿಲ್ಲ. 1851ರಲ್ಲಿ ದೀಕ್ಷೆ ಪಡೆದ ಉಪದೇಶಕರಾಗಿ ಮಂಗಳೂರಿಗೆ ಮರಳಿ, ತಾವು ಕಲಿತ ಕಡೆಯಲ್ಲೇ ಹುಡುಗರಿಗೆ ಪಾಠ ಹೇಳಿದರು. ತೊರೆದ ಮನೆಯೂ ಅದೇ ಊರಿನಲ್ಲಿತ್ತು ಎಂಬುದನ್ನು ಮರೆಯಬಾರದು. ಆ ವೇಳೆಗೆ ಮೋಗ್ಲಿಂಗರು 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಕಲ್ಲಚ್ಚಿನಲ್ಲಿ ತರುತ್ತಿದ್ದರು. ಹುಡುಗರನ್ನು ಅವರ ಹಿಂದಿನ ಮನೆಯಿಂದ ಬಿಡಿಸಿದ ಕೈಯೇ ಆ ಮನೆಯ ಹಾಡುಗಳನ್ನು ಮುದ್ರಿಸಿ ಉಳಿಸಿತು. ಇದು ವಿಚಿತ್ರವೆನ್ನಿ, ನ್ಯಾಯವೆನ್ನಿ. ನನಗಂತೂ ಎರಡೂ ಅನ್ನಿಸುತ್ತದೆ.

ಹೆಂಡತಿ ಬರಬಹುದೆಂದು ಕೌಂಡಿನ್ಯರು ವರ್ಷಗಟ್ಟಲೆ ಕಾದರು. ಬರಲಿಲ್ಲ. ಕೊನೆಗೆ 1860ರಲ್ಲಿ ವುರ್ಟೆಂಬರ್ಗಿನಿಂದ ಬಂದ ಮೇರಿ ರೈನ್‌ಹಾರ್ಟ್ ಎಂಬಾಕೆಯನ್ನು ಕಮಿಟಿಯ ಒಪ್ಪಿಗೆಯಿಂದ ಮದುವೆಯಾದರು. ಮೋಗ್ಲಿಂಗರು ಊರಿಗೆ ಹಿಂದಿರುಗಿದ್ದೂ ಅದೇ ವರ್ಷ. ಕೌಂಡಿನ್ಯರು ತೀರಿಕೊಂಡದ್ದು 1893ರಲ್ಲಿ. ಸುಮಾರು 70,000 ಶಬ್ದಗಳ ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ ಅಚ್ಚಾಗಿ ಹೊರಬಂದದ್ದು ಮರುವರ್ಷ.

ನನ್ನ ಗೆಳೆಯನ ಊರು ಘಾಟಿಯಿಂದ ದೂರವಿಲ್ಲ. ಪ್ರತಿ ವರ್ಷ ಪುಷ್ಯಮಾಸದ ಜಾತ್ರೆಗೆ ಹೋಗುತ್ತೇನೆ; ಎತ್ತುಗಳ ಸಾಲಿನಲ್ಲಿ ಒಂದು ಸುತ್ತು ಹಾಕಿ, ವಯಸ್ಸಾದವರ ಮುಖ ನೋಡುತ್ತ ನಡೆಯುತ್ತೇನೆ. ಇದುವರೆಗೆ ಸಿಕ್ಕಿಲ್ಲ.