‘ಬೈ ಹುಕ್ ಆರ್ ಬೈ ಕ್ರುಕ್’ ಎಂದದ್ದು ಕ್ರಾಮ್‌ವೆಲ್ಲೇ?

‘ಹೇಗಾದರೂ ಮಾಡಿ, ದಾರಿ ಸರಿಯೋ ತಪ್ಪೋ’ ಎನ್ನಲು ಇಂಗ್ಲಿಷ್‌ನಲ್ಲಿ ‘ಬೈ ಹುಕ್ ಆರ್ ಬೈ ಕ್ರುಕ್’ ಎನ್ನುತ್ತಾರೆ. ಇದರ ಹುಟ್ಟಿನ ಬಗ್ಗೆ ಒಂದು ಕಥೆ ಆಗಾಗ ಫಾರ್ವರ್ಡ್ ಆಗುತ್ತಿರುತ್ತದೆ. ಇಂಗ್ಲೆಂಡಿನ ಸೇನಾನಿ ಆಲಿವರ್ ಕ್ರಾಮ್‌ವೆಲ್ 1649ರಲ್ಲಿ ಐರ್ಲೆಂಡಿನ ವಾಟರ್‌ಫರ್ಡ್ ನಗರಕ್ಕೆ ಮುತ್ತಿಗೆ ಹಾಕಿದಾಗ, ‘ಹುಕ್ ಕಡೆಯಿಂದಲೋ ಕ್ರುಕ್ ಕಡೆಯಿಂದಲೋ, ಗೆದ್ದೇ ಗೆಲ್ಲುತ್ತೇನೆ’ ಎಂದನಂತೆ.

ಕಥೆಯಲ್ಲಿ ಅರ್ಧ ನಿಜವಿದೆ, ನಂಬಿಕೆ ಬರುವುದೇ ಅದರಿಂದ. ವಾಟರ್‌ಫರ್ಡ್‌ಗೆ ಹೋಗುವ ಅಳಿವೆಯ ಒಂದು ದಡದಲ್ಲಿ ಹುಕ್ ಭೂಶಿರ, ಎದುರು ದಡದಲ್ಲಿ ಕ್ರುಕ್ ಎಂಬ ಹಳ್ಳಿ ಈಗಲೂ ಇವೆ. ಮುತ್ತಿಗೆಯೂ ನಡೆದದ್ದೇ. (ಆ ವರ್ಷ ನಗರ ಅವನ ಕೈಗೆ ಸಿಗಲಿಲ್ಲ, ಅದು ಬೇರೆ ಮಾತು.) ತಪ್ಪಿರುವುದು ಇಸವಿಯಲ್ಲಿ. ಕ್ರಾಮ್‌ವೆಲ್ ಹುಟ್ಟಿದ್ದು 1599ರಲ್ಲಿ. ಈ ಮಾತಾದರೋ 14ನೇ ಶತಮಾನದ ಕೊನೆಯ ಇಂಗ್ಲಿಷ್ ಬರಹಗಳಲ್ಲೇ ಇದೆ. ಆಗ ‘ಬೈ’ ಜಾಗದಲ್ಲಿ ‘ವಿತ್’ ಇತ್ತು, ಅಷ್ಟೇ. 1666ರ ಲಂಡನ್ ಬೆಂಕಿಯ ನಂತರ ಜಮೀನು ಅಳೆದ ಹುಕ್ ಮತ್ತು ಕ್ರುಕ್ ಎಂಬಿಬ್ಬರ ಕಥೆಯೂ ಇದೇ ಕಾರಣಕ್ಕೆ ಬಿದ್ದುಹೋಗುತ್ತದೆ.

ಹಾಗಾದರೆ ನಿಜವೇನು? ಹುಕ್ ಎಂದರೆ ಕೊಕ್ಕೆ, ಕ್ರುಕ್ ಎಂದರೆ ಕುರಿ ಕಾಯುವವರ ಬಾಗಿದ ಕೋಲು. ಒಡೆಯನ ಕಾಡಿನಲ್ಲಿ ಮರ ಕಡಿಯುವಂತಿರಲಿಲ್ಲ, ಕೊಕ್ಕೆಗೆ ಸಿಗುವ ಒಣಕೊಂಬೆಯನ್ನು ಮಾತ್ರ ಎಳೆದುಕೊಳ್ಳಬಹುದಿತ್ತು. ಮಾತು ಅಲ್ಲಿಂದ ಬಂತು ಎಂಬುದು ಹೆಚ್ಚು ಹೊಂದುವ ವಿವರಣೆ. ಅದೂ ಸಾಬೀತಾದದ್ದಲ್ಲ. ನಮ್ಮ ದೋಟಿಯನ್ನು ನೆನಪಿಸಿಕೊಂಡರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

‘ಬೈ ಅಂಡ್ ಲಾರ್ಜ್’ ಹಡಗಿನವರ ಮಾತು: ಗಾಳಿಗೆ ಆದಷ್ಟೂ ಎದುರಾಗಿ ಹಾಯುವುದು ‘ಬೈ’, ಗಾಳಿ ಬೆನ್ನಿಗಿದ್ದಾಗ ‘ಲಾರ್ಜ್’. ಎರಡರಲ್ಲೂ ಸಾಗುವ ಹಡಗು ಒಟ್ಟಾರೆ ಒಳ್ಳೆಯದು.

ನಾವು ಕನ್ನಡವೇ ಮಾಡಿಕೊಂಡಿರುವ ‘ಬೈಹಾರ್ಟ್’ ನೋಡಿ. ನೆನಪು, ಬುದ್ಧಿ ಹೃದಯದಲ್ಲಿರುತ್ತವೆ ಎಂದು ಅರಿಸ್ಟಾಟಲ್ ಕಾಲದವರು ನಂಬಿದ್ದರು. ‘ರೆಕಾರ್ಡ್’ ಪದದೊಳಗೂ ಹೃದಯ ಎಂಬರ್ಥದ ಲ್ಯಾಟಿನ್ ‘ಕೋರ್’ ಅಡಗಿದೆ. ನಾವು ‘ಕಂಠಪಾಠ’ ಎನ್ನುತ್ತೇವೆ, ಹಾಗೆಂದು ಪದ್ಯ ಗಂಟಲಲ್ಲಿ ಕೂತಿಲ್ಲವಲ್ಲ! ಹೊಸ ನೆನಪು ಕಟ್ಟಲು ಮಿದುಳಿನ ಹಿಪೊಕ್ಯಾಂಪಸ್ ಬೇಕು. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಅವರ ಮೂರ್ಛೆರೋಗಕ್ಕೆಂದು ಆ ಭಾಗದ ಬಹುಪಾಲು ತೆಗೆದ ಮೇಲೆ, ಆಗಷ್ಟೇ ಭೇಟಿಯಾದವರೂ ಅವರಿಗೆ ನೆನಪಿರುತ್ತಿರಲಿಲ್ಲ. ಅವರ ಹೃದಯಕ್ಕೆ ಏನೂ ಆಗಿರಲಿಲ್ಲ.

ಕೊನೆಯದು ನಗುವ ವಿಷಯವಲ್ಲ. ಆಪರೇಷನ್‌ಗೆ ಮುಂಚೆ ಮಂಚದ ಬಳಿ ‘ಎನ್‌ಬಿಎಂ’ ಎಂದು ಬರೆದಿದ್ದರೆ ಅದು ‘ನಿಲ್ ಬೈ ಮೌತ್’: ಬಾಯಿ ಮೂಲಕ ಏನೂ ಕೊಡಬಾರದು. ‘ಊಟ ತಾನೇ ಬೇಡ, ಒಂದು ಲೋಟ ಹಾಲು ಕುಡೀಲಿ’ ಎಂದು ಪ್ರೀತಿಯಿಂದ ಕೊಡುವವರಿದ್ದಾರೆ. ಅರಿವಳಿಕೆಯಲ್ಲಿ ಕೆಮ್ಮಿ ಹೊರಹಾಕುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಸಾಮಾನ್ಯವಾಗಿ ಗಟ್ಟಿ ಆಹಾರ ಮತ್ತು ಹಾಲಿಗೆ 6 ಗಂಟೆ, ನೀರಿಗೆ 2 ಗಂಟೆ ಅಂತರವಿರುತ್ತದೆ. ನಿಮ್ಮವರಿಗೆ ಎಷ್ಟು ಹೊತ್ತು, ದಿನದ ಮಾತ್ರೆ ನುಂಗಬಹುದೇ ಎಂಬುದನ್ನು ಡಾಕ್ಟರ್ ಬಳಿಯೇ ಕೇಳಿ. ಗೊತ್ತಾಗದೆ ಏನಾದರೂ ಕೊಟ್ಟಿದ್ದರೆ ಮುಚ್ಚಿಡಬೇಡಿ, ತಕ್ಷಣ ಹೇಳಿ. ಆಪರೇಷನ್ ಕೆಲವು ಗಂಟೆ ಮುಂದಕ್ಕೆ ಹೋಗಬಹುದು, ಅಷ್ಟೇ.