ಪ್ಯಾರಿಸ್ ಪಟ್ಟಣದ ಜವಳಿ ಮಳಿಗೆಗಳೂ ಬೆಲೆಚೀಟಿಯೂ

ಜವಳಿ ಕೊಳ್ಳುವಾಗ ಬೆಲೆಯನ್ನು ಕುರಿತು ವಾದಿಸುವುದು ಅನೇಕ ದೇಶಗಳಲ್ಲಿ ಹಳೆಯ ರೂಢಿ. ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಬಹುಮಟ್ಟಿಗೆ ಇದೇ ಪದ್ಧತಿಯಿದ್ದಿತು. ಅಂಗಡಿಗಳು ಚಿಕ್ಕವು, ಒಳಗೆ ಬೆಳಕು ಕಡಿಮೆ. ಹೊಸ್ತಿಲು ದಾಟಿದವರು ಏನನ್ನಾದರೂ ಕೊಂಡೇ ಹೊರಡಬೇಕೆಂಬುದು ಅಲ್ಲಿನ ದಾಕ್ಷಿಣ್ಯ. ವರ್ತಕನು ಗಿರಾಕಿಯ ಮುಖವನ್ನೂ ಉಡುಪನ್ನೂ ನೋಡಿ ಬೆಲೆ ಹೇಳುತ್ತಿದ್ದನು. ಬಡವರಿಗಂತೂ ಹೊಸ ಬಟ್ಟೆಯೇ ಅಪೂರ್ವ. ಅವರು ತಾಂಪ್ಲ್ ಎಂಬ ಪೇಟೆಗೆ ಹೋಗಿ, ಪರರು ಉಟ್ಟು ಬಿಟ್ಟ ಹಳೆಯ ಉಡುಪುಗಳನ್ನು ಕೊಂಡು ತರುತ್ತಿದ್ದರು.

1824ರಲ್ಲಿ ಪಿಯೆರ್ ಪಾರಿಸೋ ಎಂಬ ವರ್ತಕನು ಸೇನ್ ನದಿಯ ನಡುವಣ ಸಿತೆ ದ್ವೀಪದಲ್ಲಿ, ಹೂವಿನ ಪೇಟೆಯ ಬಳಿ, 'ಬೆಲ್ ಜಾರ್ದಿನಿಯೇರ್' ಎಂಬ ಅಂಗಡಿಯನ್ನು ತೆರೆದನು. 'ಚೆಲುವೆ ತೋಟಗಾರ್ತಿ' ಎಂದು ಅದರ ಅರ್ಥ. ದುಡಿಯುವವರಿಗಾಗಿ ಮೊದಲೇ ಹೊಲಿದಿಟ್ಟ ಉಡುಪುಗಳನ್ನು ಅವನು ಒಂದೇ ಮಾತಿನ ಬೆಲೆಗೆ ಮಾರಿದನು. ಕೂಲಿಯವನೂ ಹೊಸ ಅಂಗಿಯನ್ನು ತೊಡುವಂತಾದುದು ಸಾಮಾನ್ಯ ಸಂಗತಿಯಲ್ಲ.

ಆದರೆ ಈ ವ್ಯಾಪಾರಕ್ರಮಕ್ಕೆ ಪೂರ್ಣರೂಪವನ್ನು ಕೊಟ್ಟವನು ಅರಿಸ್ತೀದ್ ಬೂಸಿಕೋ. ನಾರ್ಮಂಡಿಯಲ್ಲಿ ಟೋಪಿ ಮಾರುವವನೊಬ್ಬನ ಮಗನಾಗಿ ಹುಟ್ಟಿ, ಊರೂರು ತಿರುಗಿ ಬಟ್ಟೆ ಮಾರಿದ ಈತನು 1852ರಲ್ಲಿ, ನದಿಯ ಎಡದಂಡೆಯಲ್ಲಿದ್ದ 'ಬೋನ್ ಮಾರ್ಷೆ' ಎಂಬ ಅಂಗಡಿಯಲ್ಲಿ ಪಾಲುಗಾರನಾದನು. ಯಾರು ಬೇಕಾದರೂ ಒಳಗೆ ಬಂದು ನೋಡಬಹುದು, ಕೊಳ್ಳಲೇಬೇಕೆಂಬ ಬಲವಂತವಿಲ್ಲ. ಪ್ರತಿಯೊಂದು ವಸ್ತುವಿಗೂ ಬೆಲೆಚೀಟಿ. ಒಪ್ಪದಿದ್ದರೆ ಹಿಂದಕ್ಕೆ ತಂದು ಹಣ ಪಡೆಯಬಹುದು. ಲಾಭ ಸ್ವಲ್ಪ, ಮಾರಾಟ ಬಹಳ. ಇವುಗಳಲ್ಲಿ ಪ್ರತಿಯೊಂದೂ ಅವನ ಸ್ವಂತ ಕಲ್ಪನೆಯೆಂದು ಹೇಳುವುದು ಸರಿಯಲ್ಲ. ಅವೆಲ್ಲವನ್ನೂ ಒಂದೆಡೆ ಕೂಡಿಸಿ ನಡೆಸಿದ್ದೇ ಅವನ ಜಾಣ್ಮೆ. ಅದೇ ಕಾಲದಲ್ಲಿ ಓಸ್ಮಾನನು ಹಳೆಯ ಓಣಿಗಳನ್ನು ಒಡೆದು ವಿಶಾಲವಾದ ಬೀದಿಗಳನ್ನು ತೆಗೆಯಿಸಿದ್ದರಿಂದ ದೂರದ ಕೇರಿಯವರೂ ಕುದುರೆಬಂಡಿಗಳಲ್ಲಿ ಸುಲಭವಾಗಿ ಬಂದಿಳಿಯುತ್ತಿದ್ದರು. 1869ರಲ್ಲಿ ಆರಂಭವಾದ ಹೊಸ ಕಟ್ಟಡವು ಕಬ್ಬಿಣ ಮತ್ತು ಗಾಜುಗಳಿಂದ ಬೆಳಗಿತು. ಮಾನವಂತ ಮನೆತನದ ಹೆಂಗಸೊಬ್ಬಳು ಯಾರ ಅಪವಾದಕ್ಕೂ ಗುರಿಯಾಗದೆ ಗಂಟೆಗಟ್ಟಲೆ ತಿರುಗಾಡಬಹುದಾದ ತಾಣ ಅದಾಯಿತು.

ಉಡುಗೊರೆಗಳ ವ್ಯಾಪಾರವನ್ನೂ ಈ ಮಳಿಗೆಗಳು ಬಿಡಲಿಲ್ಲ. ಫ್ರೆಂಚರು ಜನವರಿ ಒಂದರಂದು 'ಎತ್ರೆನ್' ಎಂಬ ಹೊಸವರ್ಷದ ಕಾಣಿಕೆಗಳನ್ನು ಕೊಡುವುದು ಬಹುಕಾಲದ ಸಂಪ್ರದಾಯ. ಆ ದಿನಗಳಲ್ಲಿ ದೊಡ್ಡ ಬೀದಿಗಳ ಅಂಚಿನಲ್ಲಿ ಮರದ ಗುಡಿಸಲುಗಳನ್ನು ಹೂಡಿ ಆಟಿಕೆಗಳನ್ನೂ ಮಿಠಾಯಿಯನ್ನೂ ಮಾರುತ್ತಿದ್ದರು. ದೊಡ್ಡ ಮಳಿಗೆಗಳು ಡಿಸೆಂಬರಿನಲ್ಲಿ ಆಟಿಕೆಗಳನ್ನು ರಾಶಿಯಾಗಿ ಜೋಡಿಸಿ ಈ ಗಿರಾಕಿಗಳನ್ನೂ ಸೆಳೆದುಕೊಂಡವು. ಹಬ್ಬ ಕಳೆದ ಮೇಲೆ ವ್ಯಾಪಾರ ಸೊರಗುವುದನ್ನು ಕಂಡು, ಬೂಸಿಕೋ ಜನವರಿ ಕೊನೆಗೆ ಬಿಳಿಯ ಬಟ್ಟೆಗಳ ವಿಶೇಷ ಮಾರಾಟವನ್ನು ಹೂಡಿದನು. ತಾಯಂದಿರೊಡನೆ ಬಂದ ಮಕ್ಕಳ ಕೈಗೆ ಬಣ್ಣದ ಚಿತ್ರಪಟಗಳು ಬೀಳುತ್ತಿದ್ದವು. ಮಕ್ಕಳು ಸಂತುಷ್ಟರಾದರೆ ತಾಯಿ ಮತ್ತೆ ಬರುವಳೆಂಬುದು ಆ ವರ್ತಕನಿಗೆ ಚೆನ್ನಾಗಿ ತಿಳಿದಿದ್ದಿತು.

ಬೆಲೆಚೀಟಿಯು ಗಿರಾಕಿಯ ಚೌಕಾಸಿಯನ್ನು ನಿಲ್ಲಿಸಿತು, ನಿಜ. ಆದರೆ ಆ ಜಗ್ಗಾಟವು ಮಾರುವ ಗುಮಾಸ್ತರ ನಡುವೆ ಹೋಗಿ ಸೇರಿತು. ಅವರಿಗೆ ನಿಗದಿಯ ಸಂಬಳ ಅಲ್ಪ. ಮಾರಿದ ಸರಕಿನ ಮೇಲೆ ದೊರೆಯುವ ದಳ್ಳಾಳಿಯೇ ಜೀವನಾಧಾರ. ಆದ್ದರಿಂದ ಒಬ್ಬ ಗಿರಾಕಿಗಾಗಿ ಇಬ್ಬರ ಪೈಪೋಟಿ. ಅವಿವಾಹಿತ ಹುಡುಗಿಯರಲ್ಲಿ ಹಲವರು ಅಂಗಡಿಯ ಮಾಳಿಗೆಯ ಮೇಲೆಯೇ ಮಲಗುತ್ತಿದ್ದರು. 1869ರಲ್ಲಿಯೇ ಪ್ಯಾರಿಸಿನ ಜವಳಿ ಗುಮಾಸ್ತರು ಮುಷ್ಕರ ಹೂಡಿ, ಭಾನುವಾರದ ಬಿಡುವನ್ನೂ ದಿನಕ್ಕೆ ಹನ್ನೆರಡು ಗಂಟೆಯ ದುಡಿಮೆಯನ್ನೂ ಬೇಡಿದರು. ಹನ್ನೆರಡು ಗಂಟೆಯನ್ನು ವರವೆಂದು ಬೇಡಿದವರ ದಿನ ಎಷ್ಟು ದೀರ್ಘವಾಗಿದ್ದಿರಬೇಕು! ಬೇಡಿಕೆ ಬಹುಪಾಲು ಈಡೇರಲಿಲ್ಲ. 1876ರಲ್ಲಿ ಬೂಸಿಕೋ ನೌಕರರಿಗಾಗಿ ಭವಿಷ್ಯನಿಧಿಯೊಂದನ್ನು ಸ್ಥಾಪಿಸಿದನು. ಮರುವರ್ಷ ಅವನು ತೀರಿಕೊಂಡ ಬಳಿಕ ಹೆಂಡತಿ ಮಾರ್ಗರೀತಳು 1887ರಲ್ಲಿ ತಾನು ಸಾಯುವವರೆಗೂ ಮಳಿಗೆಯನ್ನು ನಡೆಸಿದಳು. ಎಮಿಲ್ ಜೋಲಾ ಇಂತಹ ಮಳಿಗೆಗಳನ್ನು ಕಣ್ಣಾರೆ ಕಂಡು, ಟಿಪ್ಪಣಿ ಮಾಡಿಕೊಂಡು 1883ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ ಅಲ್ಲಿನ ಬೆಡಗೂ, ನೌಕರರ ಬವಣೆಯೂ, ಪಕ್ಕದ ಸಣ್ಣ ಅಂಗಡಿಗಳ ಅಳಿವೂ ಚಿತ್ರಿತವಾಗಿವೆ.

ವಾರಕ್ಕೊಂದು ದಿನದ ಬಿಡುವು ಫ್ರಾನ್ಸಿನಲ್ಲಿ ಕಾಯಿದೆಯಾದದ್ದು 1906ರ ಜುಲೈ 13ರಂದು, ಆ ಮುಷ್ಕರವಾಗಿ ಮೂವತ್ತೇಳು ವರ್ಷಗಳ ಮೇಲೆ. 2015ರ ಕಾಯಿದೆಯೊಂದು ಪ್ಯಾರಿಸಿನ ಕೆಲವು ಪ್ರವಾಸಿ ವಲಯಗಳಲ್ಲಿ ಭಾನುವಾರವೂ ಅಂಗಡಿ ತೆರೆಯಲು ಅವಕಾಶ ಕೊಟ್ಟಿತು; ಆದರೆ ಅಂದು ದುಡಿಯಲು ನೌಕರನ ಒಪ್ಪಿಗೆ ಬರವಣಿಗೆಯಲ್ಲಿ ಇರಬೇಕೆಂದು ವಿಧಿಸಲಾಯಿತು.