‘ಗ್ರಾಮಾಂತರ’ ಶಬ್ದದ ಅರ್ಥ ಮತ್ತು ಬಳಕೆ

ದೇಶಾಂತರವೆಂದರೆ ಬೇರೆ ದೇಶ, ರೂಪಾಂತರವೆಂದರೆ ಬೇರೆ ರೂಪ. ಸಂಸ್ಕೃತದ ಈ ಸಮಾಸಕ್ರಮದಂತೆ ‘ಗ್ರಾಮಾಂತರ’ವೆಂದರೆ ಬೇರೊಂದು ಗ್ರಾಮವೆಂದಾಗಬೇಕು. ಕನ್ನಡದ ಆಡಳಿತಭಾಷೆಯಲ್ಲಾದರೋ ಅದು ನಗರದ ಹೊರಗಿರುವ ಹಳ್ಳಿಗಾಡೆಲ್ಲಕ್ಕೂ ಹೆಸರಾಗಿ ನಿಂತಿದೆ. ವೈಯಾಕರಣರು ಇದನ್ನು ಅಪಪ್ರಯೋಗವೆನ್ನಬಹುದು. ಚರಿತ್ರೆಯ ವಿದ್ಯಾರ್ಥಿಗಳಾದ ನಮಗೆ ಮುಖ್ಯವಾದುದು ಈ ಶಬ್ದವನ್ನು ಎಲ್ಲಿ ನಿಂತು ಆಡುತ್ತಾರೆಂಬ ಪ್ರಶ್ನೆ. ಹಳ್ಳಿಯವನು ತಾನು ಗ್ರಾಮಾಂತರದವನೆಂದು ಹೇಳಿಕೊಳ್ಳುವುದು ಅಪರೂಪ. ಅವನಿಗೆ ಅದು ಹಳ್ಳಿ, ಇಲ್ಲವೆ ಬರಿಯ ‘ಊರು’.

ಹಿಂದಿನ ದಾಖಲೆಗಳಲ್ಲಿ ಹಳ್ಳಿಗೆ ಸ್ವಂತ ಹೆಸರೂ ಎಲ್ಲೆಯೂ ಉತ್ಪತ್ತಿಯೂ ಇದ್ದುವು. ಮಲ್ಲೇಶ್ವರದ ಕಾಡುಮಲ್ಲೇಶ್ವರ ದೇವಾಲಯದ 1669ರ ಶಾಸನವನ್ನೇ ನೋಡಬಹುದು. ಮಲ್ಲಪುರದ ದೇವರಿಗೆ ಏಕೋಜಿಯು ಮೇದರನಿಂಗನಹಳ್ಳಿಯನ್ನು ದತ್ತಿಯಾಗಿ ಬಿಟ್ಟನೆಂದು ಅದು ತಿಳಿಸುತ್ತದೆ. ಆ ಹಳ್ಳಿಯು ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಸುಪಾಸಿನಲ್ಲಿದ್ದಿತೆಂದು ವಿದ್ವಾಂಸರು ಗುರುತಿಸಿದ್ದಾರೆ. ಹಳ್ಳಿ ಈಗಿಲ್ಲ, ಕಲ್ಲಿನಲ್ಲಿ ಹೆಸರುಳಿದಿದೆ.

ಬಿನ್ನಿಪೇಟೆಯ ವಿಷಯ ಇನ್ನೂ ಕುತೂಹಲಕರ. ಅಕ್ಕಿಪೇಟೆ, ಬಳೇಪೇಟೆಗಳಿಗೆ ಹೆಸರು ಬಂದುದು ಅಲ್ಲಿನ ವ್ಯಾಪಾರದಿಂದ. ಬಿನ್ನಿಪೇಟೆಗೆ ಬಂದುದು ಒಂದು ಗಿರಣಿಯಿಂದ. 1884ರಲ್ಲಿ ಸ್ಥಾಪಿತವಾದ ಬೆಂಗಳೂರು ವೂಲನ್, ಕಾಟನ್ ಅಂಡ್ ಸಿಲ್ಕ್ ಮಿಲ್ಸ್ ಸಂಸ್ಥೆಯು 1886ರಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಬಂದಿತು. ಹಳ್ಳಿಗಳಿಂದ ದುಡಿಮೆಗೆ ಬಂದವರ ನೆಲೆಗೂ ‘ಪೇಟೆ’ ಎಂಬ ನಗರದ ಹೆಸರೇ ಕೂಡಿಕೊಂಡಿತು. ಮಗ್ಗುಲಲ್ಲಿರುವ ಕೆಂಪಾಪುರ ಅಗ್ರಹಾರ ಮಾತ್ರ ಹಳೆಯ ಹೆಸರನ್ನು ಬಿಡಲಿಲ್ಲ. ಗಿರಣಿ ಮುಚ್ಚಿ ಅದರ ನೆಲದಲ್ಲಿ ವಸತಿ ಸಮುಚ್ಚಯಗಳು ಎದ್ದಿವೆ. ಆದರೂ ಹಬ್ಬಕ್ಕೆ ಬೆಂಗಳೂರು ಬಿಟ್ಟು ಹೊರಟವರನ್ನು ಕುರಿತು ‘ಊರಿಗೆ ಹೋಗಿದ್ದಾರೆ’ ಎಂದೇ ಈ ಭಾಗದಲ್ಲಿಯೂ ಹೇಳುತ್ತಾರೆ. ‘ಗ್ರಾಮಾಂತರಕ್ಕೆ ಹೋಗಿದ್ದಾರೆ’ ಎಂದರೆ ಯಾರೂ ನಗದಿರಲಾರರು.

ಈ ಭೇದಕ್ಕೆ ಕಾರಣ ಆಡಳಿತದ ಲೆಕ್ಕಾಚಾರ. ಪುರಸಭೆಯೇ ಮೊದಲಾದುವು ಇಲ್ಲದ ಊರನ್ನು ಜನಗಣತಿಯು ಪಟ್ಟಣವೆಂದು ಎಣಿಸಬೇಕಾದರೆ 5,000ಕ್ಕೆ ಕಡಿಮೆಯಿಲ್ಲದ ಜನಸಂಖ್ಯೆ, ದುಡಿಯುವ ಗಂಡಸರಲ್ಲಿ ಶೇಕಡ 75ರಷ್ಟು ಮಂದಿಗೆ ಬೇಸಾಯೇತರ ಕಸಬು, ಚದರ ಕಿಲೋಮೀಟರಿಗೆ 400 ಜನರ ಸಾಂದ್ರತೆ ಇರಬೇಕು. ಹಳ್ಳಿಗೆ ಇಂಥ ಲಕ್ಷಣವೊಂದೂ ಹೇಳಿಲ್ಲ. ನಗರವನ್ನು ಕಳೆದು ಉಳಿದುದೇ ಗ್ರಾಮಾಂತರ. 1986ರ ಆಗಸ್ಟ್ 15ರಂದು ಬೆಂಗಳೂರು ಜಿಲ್ಲೆಯನ್ನು ಇಬ್ಭಾಗ ಮಾಡಿದಾಗಲೂ ಉಳಿದ ಭಾಗಕ್ಕೆ ‘ಬೆಂಗಳೂರು ಗ್ರಾಮಾಂತರ’ವೆಂದು ಹೆಸರಿಟ್ಟರು. ದೇವನಹಳ್ಳಿ, ದೊಡ್ಡಬಳ್ಳಾಪುರಗಳಂಥ ಹಳೆಯ ಹೆಸರುಗಳು ಜಿಲ್ಲೆಗೆ ಸಲ್ಲಲಿಲ್ಲ. ಆ ಜಿಲ್ಲೆಯ ಕಚೇರಿಯು ಬಹುಕಾಲ ಬೆಂಗಳೂರು ನಗರದೊಳಗೇ ಇದ್ದುದು ಈ ದೃಷ್ಟಿಗೆ ತಕ್ಕುದೇ ಆಗಿದ್ದಿತು.

ಉಳಿಕೆಯೆಂದು ಕರೆಯಲ್ಪಟ್ಟ ನೆಲವನ್ನು ಮುಂದೆ ನಗರಕ್ಕೆ ಸಲ್ಲಬೇಕಾದುದೆಂದು ಎಣಿಸುವುದು ಸುಲಭವೆಂದು ನಮಗೆ ತೋರುತ್ತದೆ. 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ಸಚಿವ ಸಂಪುಟವು ಈ ಜಿಲ್ಲೆಗೆ ‘ಬೆಂಗಳೂರು ಉತ್ತರ’ವೆಂದು ಹೆಸರಿಡಲು ನಿಶ್ಚಯಿಸಿತು. ಅದೇ ತಿಂಗಳ 15ರಂದು, ದೇವನಹಳ್ಳಿ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಕೈಗಾರಿಕೆಗಾಗಿ 1,777 ಎಕರೆ ಭೂಮಿಯನ್ನು ವಶಪಡಿಸಿಕೊಳ್ಳುವ ಯೋಜನೆಯನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿತು. ಅಲ್ಲಿನ ರೈತರು ಮೂರು ವರ್ಷಗಳಿಗೂ ಮೇಲ್ಪಟ್ಟು ಹೋರಾಡಿದ್ದರು. ಅವರ ಹೋರಾಟ ಹದಿಮೂರು ಹಳ್ಳಿಗಳ ಹೋರಾಟವೆಂದೇ ಪ್ರಸಿದ್ಧವಾಯಿತು. ಗ್ರಾಮಾಂತರದ ಮಾತು ಅದರಲ್ಲಿ ಬರಲಿಲ್ಲ.